ಏಳನೆಯ ಸಾಲು, ಹನ್ನೆರಡನೆಯ ಕುಣಿಕೆ

ವಿಮಾನ ರನ್‌ವೇ ತಲುಪಿತು. ತೊಂದರೆ ಶುರುವಾದದ್ದೇ ಅಲ್ಲಿಂದ.

"ನೋಡಿ, ಹೂವಿನ ಹಾಗೆ ಇಳೀತು," ಎಂದರು ಕ್ಯಾಪ್ಟನ್, ಪ್ಲೈವುಡ್ಡಿನ ಕಾಕ್‌ಪಿಟ್ಟಿನ ಎಡಗಡೆಯ ಸೀಟಿನಲ್ಲಿ ಕೂತು, ಸ್ಟಿಯರಿಂಗಿನಿಂದ ಕೈ ತೆಗೆಯುತ್ತ. "ಎಂಜಿನ್ ಇಲ್ದೇನೂ ಮುನ್ನೂರು ಮೀಟರ್ ಉಳಿದಿದೆ ಬೇರೆ."

ನಲವತ್ತು ವರ್ಷ ವಿಮಾನ ಇಳಿಸಿ, ಇಳಿಸುವುದನ್ನು ಕಲಿಸಿ ನಿವೃತ್ತರಾದವರಿಗೆ ಸರಿಯಾಗಿ ಇಳಿದ ಯಾವ ವಿಮಾನ ಕಂಡರೂ ಸಂತೋಷವೇ. ಅದು ಕಂಪ್ಯೂಟರಿನೊಳಗಿನ ವಿಮಾನವಾದರೂ ಸರಿ. ಆಮೇಲೆ ಅವರು ತಿರುಗಿ, ಹಿಂದೆ ನೋಟ್‌ಪುಸ್ತಕ ಹಿಡಿದು ನಿಂತಿದ್ದ ಅಕ್ಕನ ಮುಖ ನೋಡಿದರು. ಕೆಮ್ಮಿದರು. ಕನ್ನಡಕ ತೆಗೆದು, ಒರೆಸುವ ಅಗತ್ಯವಿಲ್ಲದಿದ್ದರೂ ಒರೆಸತೊಡಗಿದರು.

ಯಾಕೆಂದರೆ ತಮ್ಮನ ವಿಮಾನ ತಲುಪಿರಲಿಲ್ಲ. ಮೂರು ತಿಂಗಳ ಹಿಂದೆ ಒಂದು ಭಾನುವಾರ ಬೆಳಿಗ್ಗೆ, ಟಪಾಲು ಚೀಲಗಳನ್ನೂ ಔಷಧಿಯ ಪೆಟ್ಟಿಗೆಗಳನ್ನೂ ಹೊತ್ತ ಒಂಟಿ ಎಂಜಿನ್ನಿನ ಆ ವಿಮಾನ ಕೆರೆಯ ಮೇಲೆ ಬಂದಾಗ, ಮೂರು ಸಾವಿರದ ಮುನ್ನೂರು ಅಡಿ ಎತ್ತರದಲ್ಲಿ ಎಂಜಿನ್ ನಿಂತುಹೋಗಿತ್ತು. ಕೆರೆಯಿಂದ ರನ್‌ವೇಗೆ ಹನ್ನೊಂದು ಕಿಲೋಮೀಟರ್. ವಿಮಾನ ತೇಲುತ್ತ ಬಂದು, ಎಂಟುನೂರು ಮೀಟರ್ ಮೊದಲೇ, ಸಿಮೆಂಟ್ ಪೈಪ್ ತಯಾರಿಸುವವರ ಅಂಗಳದಲ್ಲಿ ಇಳಿದು, ಜೋಡಿಸಿಟ್ಟ ಪೈಪುಗಳಿಗೆ ಬಡಿದಿತ್ತು. ವಿಮಾನದಲ್ಲಿ ತಮ್ಮನೊಬ್ಬನೇ ಇದ್ದ.

ವಿಚಾರಣೆಯ ಕರಡು ವರದಿ ನಲವತ್ತೆರಡು ಪುಟ. ಅದರಲ್ಲಿ ನಲವತ್ತೊಂದು ಪುಟ ಎಂಜಿನ್ ಯಾಕೆ ನಿಂತಿತು ಎಂಬ ಬಗ್ಗೆ. ಉಳಿದ ಒಂದು ಪುಟದಲ್ಲಿ, ಸರಕಾರಿ ಭಾಷೆಗೆ ಸಹಜವಾದ ನಿದ್ದೆಗಣ್ಣಿನಲ್ಲಿ, ಒಂದು ವಾಕ್ಯ: 'ಪೈಲಟ್ ಅವಧಿಗೆ ಮುನ್ನ ಫ್ಲ್ಯಾಪ್ ಇಳಿಸದಿದ್ದಲ್ಲಿ ವಿಮಾನವು ರನ್‌ವೇ ತಲುಪುತ್ತಿತ್ತು.' ಫ್ಲ್ಯಾಪ್ ಅಂದರೆ ರೆಕ್ಕೆಯ ಹಿಂಬದಿಯ ಮಡಿಕೆ. ಇಳಿಸಿದರೆ ವಿಮಾನ ನಿಧಾನವಾಗುತ್ತದೆ, ಬೇಗ ಕೆಳಗಿಳಿಯುತ್ತದೆ. ಇಷ್ಟು ತಿಳಿದ ಮೇಲೆ ಆ ವಾಕ್ಯಕ್ಕೆ ಇನ್ನು ಬೇರೆ ಅರ್ಥ ಬೇಕಿಲ್ಲ: ಅವನ ಸಾವಿಗೆ ಅವನೇ ಕಾರಣ. ಕುಟುಂಬದವರ ಆಕ್ಷೇಪಣೆ ಏನಾದರೂ ಇದ್ದರೆ ಸೋಮವಾರ ಬೆಳಿಗ್ಗೆ ಹತ್ತರೊಳಗೆ ಲಿಖಿತವಾಗಿ ತಲುಪಬೇಕು. ಇವತ್ತು ಭಾನುವಾರ, ಮಧ್ಯಾಹ್ನ. ತಮ್ಮ ಮನೆಯಲ್ಲೇ ಕಟ್ಟಿಕೊಂಡಿದ್ದ ಸಿಮ್ಯುಲೇಟರಿನಲ್ಲಿ ಫ್ಲ್ಯಾಪ್ ಇಳಿಸದೆ ಹಾರಿಸಿ ನೋಡಿದರೆ, ಅದೂ ಆ ವಾಕ್ಯವನ್ನೇ ನಿಜ ಮಾಡಿತ್ತು.

ಅಕ್ಕ ತೂಕ ಮತ್ತು ಅಳತೆ ಇಲಾಖೆಯಲ್ಲಿ ತಕ್ಕಡಿಗಳನ್ನು ಪರೀಕ್ಷಿಸುವವಳು. ಇಪ್ಪತ್ತಾರು ವರ್ಷದ ನೌಕರಿ. ಮಾರುಕಟ್ಟೆಯಲ್ಲಿ ಅವಳಿಗೆ 'ಗ್ರಾಂ ಮೇಡಂ' ಎಂದು ಹೆಸರು. ಹಿಂದೆ ಒಮ್ಮೆ ಒಂದು ಗ್ರಾಂ ವ್ಯತ್ಯಾಸಕ್ಕೆ ಒಂದು ದೊಡ್ಡ ಅಂಗಡಿಯ ತಕ್ಕಡಿಗೆ ಸೀಲು ಹಾಕಿಬಿಟ್ಟಿದ್ದಳು. ಅಂಗಡಿಯವನು ಎದೆ ಬಡಿದುಕೊಂಡು, "ಒಂದು ಗ್ರಾಂ ಅಂದ್ರೆ ನೊಣದ ಭಾರಾನೂ ಅಲ್ಲ ಮೇಡಂ," ಎಂದಾಗ, "ಹಾಗಾದ್ರೆ ನೊಣ ಹಿಡಿದು ತನ್ನಿ, ತೂಗೋಣ," ಎಂದಿದ್ದಳು. ತಮ್ಮ ಈ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಹೇಳುವಾಗಲೆಲ್ಲ ನೊಣವನ್ನು ಸ್ವಲ್ಪ ದಪ್ಪ ಮಾಡುತ್ತಿದ್ದ.

"ಆದ್ರೆ ಮೇಡಂ," ಎಂದರು ಕ್ಯಾಪ್ಟನ್, ಕನ್ನಡಕ ಮತ್ತೆ ಹಾಕಿಕೊಂಡು, "ಇದು ಅವನ ವಿಮಾನ ಅಲ್ಲ."

"ಅಂದ್ರೆ?"

"ಇದು ಪುಸ್ತಕದ ವಿಮಾನ. ಫ್ಯಾಕ್ಟರಿಯಿಂದ ಆಗಷ್ಟೇ ಹೊರಗೆ ಬಂದಿರೋದು, ಮೈಮೇಲೆ ಒಂದು ಗೀರೂ ಇಲ್ದೇ ಇರೋದು. ಅವನದ್ದು ಇಷ್ಟು ದೂರ ತೇಲ್ತಾನೇ ಇರ್ಲಿಲ್ಲ. ಆರು ತಿಂಗಳ ಹಿಂದೆ ಇದೇ ಸೀಟಲ್ಲಿ ಕೂತು ನಾನೇ ಹಾರಿಸಿದೀನಿ. 'ಏನಪ್ಪಾ, ಇದು ವಿಮಾನಾನೋ ಕಬ್ಬಿಣದ ಬೀರೂನೋ' ಅಂತ ಕೇಳಿದ್ದೆ. ಅದಕ್ಕೆ ಅವನು, 'ನಮ್ಮ ಮುದುಕಿ ಹಾರೋದೇ ಹೀಗೆ ಸಾರ್. ದಿನಾ ಸಂಜೆ ಮನೆಗೆ ಬಂದು, ಇವತ್ತು ಅವಳು ಹೇಗೆ ಹಾರಿದಳು ಅನ್ನೋದನ್ನ ಇದಕ್ಕೆ ಕಲಿಸ್ತೀನಿ' ಅಂದ. ಹೊಟ್ಟೆ ಕೆಳಗೆ ಸಾಮಾನಿನ ಡಬ್ಬಿ ಕಟ್ಟಿದಾರಲ್ಲ, ಅದರ ಬಾಗಿಲು ಸರಿಯಾಗಿ ಕೂರ್ತಿರ್ಲಿಲ್ಲ. ರೆಕ್ಕೆ ಮೇಲೆ ತೇಪೆ, ತೇಪೆ ಮೇಲೆ ಬಣ್ಣ, ಬಣ್ಣದ ಮೇಲೆ ಇನ್ನೊಂದು ತೇಪೆ. ಎಲ್ಲಾನೂ ಗಾಳಿಗೆ ಸಿಕ್ಕಿಕೊಳ್ಳೋವೇ. ಅದನ್ನೆಲ್ಲ ಸೇರಿಸಿ ಅವನು ಡ್ರ್ಯಾಗ್ ಜಾಸ್ತಿ ಮಾಡಿಟ್ಟಿದ್ದ. ಈಗ ಅದೆಲ್ಲಿ ಹೋಯ್ತು?"

ಅಕ್ಕ ನೋಟ್‌ಪುಸ್ತಕ ಮುಚ್ಚಿದಳು. ಡ್ರ್ಯಾಗ್ ಅಂದರೆ ಗಾಳಿ ವಿಮಾನವನ್ನು ಹಿಂದಕ್ಕೆ ಜಗ್ಗುವ ಬಲ ಎಂಬುದನ್ನು ಅವಳು ಹತ್ತು ದಿನಗಳ ಹಿಂದೆಯಷ್ಟೇ ಓದಿ ತಿಳಿದುಕೊಂಡಿದ್ದಳು. ಸಿಮ್ಯುಲೇಟರಿನಲ್ಲಿ ಅದು ಒಂದು ಫೈಲಿನೊಳಗಿನ ಒಂದು ಅಂಕಿ. 1.00 ಎಂದಿದ್ದರೆ ತಯಾರಕರ ಪುಸ್ತಕ ಹೇಳುವಷ್ಟು ಜಗ್ಗು. ಏರಿಸಿದರೆ ಹೆಚ್ಚು, ಇಳಿಸಿದರೆ ಕಡಿಮೆ. ಹತ್ತು ದಿನಗಳ ಹಿಂದೆ ಅವಳು ಆ ಫೈಲು ತೆರೆದಾಗ ಅಲ್ಲಿ ಬೇರೇನೋ ಒಂದು ಅಂಕಿ ಇತ್ತು. ಪರೀಕ್ಷೆಗೆ ಬಂದ ತಕ್ಕಡಿಯನ್ನು ಅವಳ ಕೈ ಮೊದಲು ಏನು ಮಾಡುತ್ತದೋ ಅದನ್ನೇ ಇದಕ್ಕೂ ಮಾಡಿತು. ತಟ್ಟೆ ಒರೆಸುವುದು, ಮುಳ್ಳನ್ನು ಸೊನ್ನೆಗೆ ತರುವುದು, ಅಳತೆ ಆಮೇಲೆ. ಅವಳು 1.00 ಎಂದು ಬರೆದು, ಸೇವ್ ಮಾಡಿ, ಮುಚ್ಚಿದ್ದಳು. ಮೊದಲಿದ್ದ ಅಂಕಿಯನ್ನು ನೋಡುವ ಗೋಜಿಗೂ ಹೋಗಿರಲಿಲ್ಲ. ಮಾಲೀಕರು ತಿರುಗಿಸಿಟ್ಟ ಮುಳ್ಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

"ನಾನು ಸೊನ್ನೆ ಮಾಡ್ಬಿಟ್ಟೆ," ಎಂದಳು.

"ಹಳೇ ಕಾಪಿ?"

"ಅದರ ಮೇಲೇ ಸೇವ್ ಮಾಡ್ದೆ."

ಕ್ಯಾಪ್ಟನ್ ಬಾಯಿ ತೆರೆದು, ಏನೂ ಹೇಳದೆ ಮುಚ್ಚಿದರು. ವಿದ್ಯಾರ್ಥಿಗಳನ್ನು ಬೈಯುವುದರಲ್ಲಿ ಅವರು ಹೆಸರುವಾಸಿ. ಬೈಗುಳವೇ ಹೊರಡದಷ್ಟು ದೊಡ್ಡ ತಪ್ಪುಗಳೂ ಇರುತ್ತವೆ ಎಂಬುದು ಅವರಿಗೂ ಹೊಸ ವಿಷಯವಾಗಿದ್ದಿರಬೇಕು.

ಅಡಿಗೆಮನೆಯಲ್ಲಿ ನಾದಿನಿ ಚಹಾಕ್ಕೆ ಹಾಲು ಕಾಯಿಸುತ್ತಿದ್ದಳು. ತಮ್ಮನ ಹೆಂಡತಿ ಈಗ ತಮ್ಮನಿಲ್ಲದೆಯೂ ಅಕ್ಕನಿಗೆ ನಾದಿನಿಯೇ. ಆದರೆ ಮೂರು ತಿಂಗಳಿಂದ ಇಬ್ಬರೂ ಆ ಪದವನ್ನು ಗಾಜಿನ ಪಾತ್ರೆಯಂತೆ ಎಚ್ಚರಿಕೆಯಿಂದ ಬಳಸುತ್ತಿದ್ದರು. ಅಕ್ಕ ಬಾಗಿಲಲ್ಲಿ ನಿಂತಳು.

"ನಾನೊಂದು ತಪ್ಪು ಮಾಡಿದೀನಿ ಕಣೇ. ಅವನು ಇಟ್ಟಿದ್ದ ಅಂಕಿ ಅಳಿಸಿಬಿಟ್ಟಿದೀನಿ."

"ಗೊತ್ತು ಅತ್ತಿಗೆ," ಎಂದಳು ನಾದಿನಿ, ಹಾಲಿನಿಂದ ಕಣ್ಣೆತ್ತದೆ.

"ಯಾವಾಗ ಗೊತ್ತಾಯ್ತು?"

"ನೀವು ಮಾಡಿದ ಮಾರನೇ ದಿನಾನೇ."

ಹಾಲು ಉಕ್ಕಿ ಬಂತು. ನಾದಿನಿ ಉರಿ ತಗ್ಗಿಸಿದಳು. ಅದು ಇಳಿದ ಮೇಲೆ ಮತ್ತೆ ಏರಿಸಿದಳು. ಕೈಗೆ ಕೆಲಸವಿರುವವರೆಗೆ ಮಾತು ಮುಂದೂಡಬಹುದು.

"ನೀವು ಆಫೀಸಿಗೆ ಹೋದ್ಮೇಲೆ ನಾನು ಹೋಗಿ ಕೂರ್ತೀನಿ," ಎಂದಳು ಕೊನೆಗೆ. "ಬಲಗಡೆ ಸೀಟಲ್ಲಿ. ಮೊದಲೂ ಅಲ್ಲೇ ಕೂರ್ತಿದ್ದೆ, ಹೆಣೀತಾ. ಒಂದು ಬಟನ್ ಹೇಳಿಕೊಟ್ಟಿದ್ರು. ಒತ್ತಿದ್ರೆ ಕೆರೆ ಮೇಲೆ ಎಂಜಿನ್ ನಿಲ್ಲತ್ತೆ, ವಿಮಾನ ತಾನೇ ತೇಲ್ಕೊಂಡು ಬರತ್ತೆ. ಅವರಿಗೆ ದಿನಾ ಅದೇ ಪಾಠ. 'ಎಂಜಿನ್ ನಿಲ್ಲೋದಿದ್ರೆ ಇಲ್ಲೇ ನಿಲ್ಲತ್ತೆ, ಇಳಿಯೋಕೆ ಅಂತ ಎಂಜಿನ್ ವೇಗ ತಗ್ಗಿಸೋ ಜಾಗ ಇದೇ' ಅಂತಿದ್ರು. ನಂಗೆ ಅದೆಲ್ಲ ಅರ್ಥ ಆಗಲ್ಲ. ಕೆರೆಯಿಂದ ನೆಲಕ್ಕೆ ಎಷ್ಟು ಸಾಲು ಹೆಣೀತೀನಿ ಅನ್ನೋದು ಗೊತ್ತು, ಅಷ್ಟೇ. ಸಾಲಿಗೆ ನಲವತ್ತು ಕುಣಿಕೆಯ ಮಫ್ಲರು. ಆರು ಸಾಲು ಮುಗಿಸಿ ಏಳನೇದರಲ್ಲಿರುವಾಗ ಚಕ್ರ ನೆಲ ಮುಟ್ಟೋದು. ಹೋದ ತಿಂಗಳುಗಳಲ್ಲಿ ಬೇಗ ಮುಟ್ತಿತ್ತು. ನೀವು ಫೈಲು ಮುಟ್ಟಿದ ಮಾರನೇ ದಿನ ನೋಡ್ತೀನಿ, ಏಳನೇ ಸಾಲಿನ ಅರ್ಧ ದಾಟಿದ್ರೂ ಇನ್ನೂ ತೇಲ್ತಾನೇ ಇದೆ."

"ನಂಗ್ಯಾಕೆ ಹೇಳ್ಲಿಲ್ಲ?"

ನಾದಿನಿ ಈಗ ತಿರುಗಿದಳು. ಅಳುವ ಮುಖವಾಗಿರಲಿಲ್ಲ. ಕದ್ದು ಏನೋ ತಿಂದವಳು ಸಿಕ್ಕಿಬಿದ್ದಂಥ ಮುಖ.

"ಅದು ನಾವು ಈ ಮನೆಗೆ ಬಂದ ಹೊಸದರಲ್ಲಿನ ಅಳತೆ ಅತ್ತಿಗೆ. ಆಗ ಅವರಿಗೆ ಹೊಸ ವಿಮಾನ ಕೊಟ್ಟಿದ್ರು. ಇಳಿದ ತಕ್ಷಣ ನನ್ನ ಕಡೆ ತಿರುಗಿ, 'ಪ್ರಯಾಣಿಕರ ಗಮನಕ್ಕೆ, ಊಟ ಯಾವಾಗ?' ಅಂತಿದ್ರು. ಆಮೇಲಾಮೇಲೆ ಅದೆಲ್ಲ ನಿಂತುಹೋಯ್ತು. ಹತ್ತು ದಿನದಿಂದ… ಆ ಕಾಲದವರು ಬಂದು ಕೂತ ಹಾಗಿತ್ತು. ಹೇಳಿದ್ರೆ ನೀವು ಸರಿ ಮಾಡ್ಬಿಡ್ತಿದ್ರಿ."

ಅಕ್ಕನಿಗೆ ಸಿಟ್ಟು ಬರಬೇಕಾಗಿತ್ತು. ಬಂದದ್ದು ಬೇರೆ ಯೋಚನೆ. ವೃತ್ತಿ ಎಂಬುದು ದುಃಖದ ಮಧ್ಯೆಯೂ ಬಾಗಿಲು ತಟ್ಟುತ್ತದೆ, ನಾಚಿಕೆಯಿಲ್ಲದೆ.

"ಹೋದ ತಿಂಗಳುಗಳಲ್ಲಿ ಅಂದ್ಯಲ್ಲ, ಆಗ ಏಳನೇ ಸಾಲಲ್ಲಿ ಎಷ್ಟನೇ ಕುಣಿಕೆಗೆ ಮುಟ್ತಿತ್ತು, ನೆನಪಿದ್ಯಾ?"

"ಲೆಕ್ಕ ಇಟ್ಟಿಲ್ಲ. ಆದ್ರೆ ಕೈಗೆ ಗೊತ್ತಾಗತ್ತೆ."

"ಹಾಗಾದ್ರೆ ಸೂಜಿ ತಗೊಂಡು ಬಾ," ಎಂದಳು ಅಕ್ಕ. "ಮೊದಲು ನಿನ್ನನ್ನ ಪರೀಕ್ಷೆ ಮಾಡ್ಬೇಕು."

ಹಾಗೆ, ಆ ಮಧ್ಯಾಹ್ನ, ತಕ್ಕಡಿಗಳನ್ನು ಪರೀಕ್ಷಿಸುವವಳು ತನ್ನ ನಾದಿನಿಯನ್ನು ಪರೀಕ್ಷಿಸಿದಳು. ನಾದಿನಿ ಊಟದ ಮೇಜಿನ ಮುಂದೆ ಕೂತು ಬೂದು ಉಣ್ಣೆಯ ಮಫ್ಲರು ಹೆಣೆದಳು. ಅಕ್ಕ ಸ್ಟಾಪ್‌ವಾಚು ಹಿಡಿದು ಪ್ರತಿ ಸಾಲನ್ನೂ ಅಳೆದಳು. ನಲವತ್ತೊಂದು ಸೆಕೆಂಡು. ನಲವತ್ತೊಂದು. ನಲವತ್ತು. ನಲವತ್ತೊಂದು. ಕ್ಯಾಪ್ಟನ್ ಚಹಾ ಕುಡಿಯುತ್ತ ಇದನ್ನು ನೋಡಿ, ಬೇಕೆಂತಲೇ ಗಾಜಿನ ಲೋಟ ಕೆಳಗೆ ಬೀಳಿಸಿದರು. ನಲವತ್ತೊಂದು.

"ಇವಳನ್ನ ಏರ್‌ಫೋರ್ಸಿಗೆ ಸೇರಿಸ್ಬೇಕಿತ್ತು," ಎಂದರು.

"ಮಾರುಕಟ್ಟೆಯ ಅರ್ಧ ತಕ್ಕಡಿಗಳು ಇವಳಷ್ಟು ನೆಟ್ಟಗಿಲ್ಲ," ಎಂದಳು ಅಕ್ಕ. ಅದು ಅವಳು ನಾದಿನಿಯ ಬಗ್ಗೆ ಹನ್ನೊಂದು ವರ್ಷದಲ್ಲಿ ಆಡಿದ ಮೊದಲ ಮೆಚ್ಚುಗೆಯ ಮಾತು. ನಾದಿನಿ ತಲೆ ತಗ್ಗಿಸಿ ಲೋಟದ ಚೂರುಗಳನ್ನು ಬಳಿದಳು.

ಆಮೇಲಿನದ್ದನ್ನು ಅಕ್ಕ ತನ್ನ ಇಲಾಖೆಯ ಕ್ರಮದಲ್ಲೇ ಮಾಡಿದಳು. ಕಾಗದದ ಚೀಟಿಗಳ ಮೇಲೆ ಅಂಕಿಗಳನ್ನು ಬರೆದಳು, ಕೆಲವನ್ನು ಎರಡು ಸಲ, ಕೆಲವನ್ನು ಮೂರು ಸಲ. ಮಡಚಿ ಸಕ್ಕರೆ ಡಬ್ಬಿಗೆ ಹಾಕಿ ಕುಲುಕಿದಳು. ಫೈಲು ತೆರೆದ ಚಿಕ್ಕ ಪರದೆಗೆ ಟವೆಲು ಹೊದಿಸಿದಳು. ಯಾವ ಅಂಕಿ ಬಂದರೆ ತಮ್ಮನಿಗೆ ಒಳ್ಳೆಯದು ಎಂಬುದನ್ನು ನಾದಿನಿಗೆ ಯಾರೂ ಹೇಳಕೂಡದು ಎಂದು ಕ್ಯಾಪ್ಟನ್ನರಿಂದ ಮಾತು ತೆಗೆದುಕೊಂಡಳು. ಅವರು ತುಟಿಗೆ ಬೀಗ ಹಾಕಿ ಕೀಲಿ ಎಸೆದಂತೆ ಮಾಡಿದರು. ಅದನ್ನು ಅಕ್ಕ ಪೂರ್ತಿ ನಂಬಲಿಲ್ಲ.

ತಮ್ಮನ ಕೋಣೆ ಮನೆಯ ಹಿಂಬದಿಯಲ್ಲಿತ್ತು. ಪ್ಲೈವುಡ್ ಕೊಯ್ದು ಅವನೇ ಮಾಡಿದ ಕಾಕ್‌ಪಿಟ್, ಗುಜರಿಯಿಂದ ತಂದ ಎರಡು ಕಾರಿನ ಸೀಟು, ಮುಂದೆ ಗೋಡೆಯಗಲದ ಪರದೆ. ಎಡಗಡೆಯ ಸೀಟಿನ ರೆಕ್ಸಿನ್ ಅವನ ಭುಜದ ಆಕಾರಕ್ಕೆ ಬಿರುಕುಬಿಟ್ಟಿತ್ತು. ಮೊದಲ ಚೀಟಿಗೆ ಮುಂಚೆ ಕ್ಯಾಪ್ಟನ್ ಅಲ್ಲಿ ಕೂರಲು ಹೋದರು.

"ಬೇಡ," ಎಂದಳು ನಾದಿನಿ. ಆಮೇಲೆ, ಮೃದುವಾಗಿ, "ತಾನೇ ಹಾರತ್ತೆ ಸಾರ್. ನೀವು ಆ ಕುರ್ಚಿ ಮೇಲೆ ಕೂತ್ಕೊಳ್ಳಿ."

ನಾದಿನಿ ಬಲಗಡೆಯ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, ಬಟನ್ ಒತ್ತಿದಳು. ಎಂಜಿನ್ನಿನ ಸದ್ದು ಕಡಿದುಹೋಯಿತು. ಉಳಿದದ್ದು ಗಾಳಿಯ ಸಣ್ಣ ಸೀಟಿ ಮತ್ತು ಎರಡು ಸೂಜಿಗಳ ಟಿಕ್ ಟಿಕ್. ಪರದೆಯ ಮೇಲೆ ಕೆರೆ ಹಿಂದೆ ಸರಿಯಿತು. ಹೊಲ, ರಸ್ತೆ, ಆಟಿಕೆಯಂಥ ಮನೆಗಳು ನಿಧಾನವಾಗಿ ದೊಡ್ಡದಾದವು. ಚಕ್ರ ನೆಲ ಮುಟ್ಟಿ ಸೀಟು ಅದುರಿದಾಗ ನಾದಿನಿಯ ಕೈ ನಿಂತಿತು. ಅಕ್ಕ ಬಾಗಿ ಕುಣಿಕೆ ಎಣಿಸಿದಳು. ಏಳನೆಯ ಸಾಲು, ಹದಿನೇಳು.

"ಇದು ನನ್ನ ಆಪರೇಷನ್ ಆದ ವರ್ಷದವರು," ಎಂದಳು ನಾದಿನಿ, ಕಣ್ಣು ತೆರೆಯದೆ. "ಆಸ್ಪತ್ರೆಯಿಂದ ಬಂದ ದಿನ ನಂಗಿಲ್ಲಿ ದಿಂಬಿಟ್ಟು ಕೂರಿಸಿದ್ರು. ಇಳಿಯೋ ಮುಂಚೆ ಅಂಗೈ ಪ್ಯಾಂಟಿಗೆ ಒರೆಸ್ಕೊಳ್ಳೋ ಅಭ್ಯಾಸ ಶುರುವಾದದ್ದು ಆಗಲೇ."

ಟವೆಲಿನ ಕೆಳಗೆ 1.06 ಇತ್ತು.

ಮುಂದಿನದು 1.20. ಅದು ಏಳನೆಯ ಸಾಲಿನ ಎಂಟನೆಯ ಕುಣಿಕೆಗೇ ನೆಲ ಕಂಡಿತು. ನಾದಿನಿ ಸೂಜಿ ಮಡಿಲಿಗಿಟ್ಟು, "ಇದು ಯಾರೂ ಅಲ್ಲ," ಎಂದಳು. "ಇಲ್ಲಿ ಯಾರೂ ಕೂತಿಲ್ಲ."

ಕ್ಯಾಪ್ಟನ್ ಕುರ್ಚಿಯಲ್ಲಿ ಮಿಸುಕಾಡಿ, ಅಂಗಿಯ ತೋಳು ಎಳೆದುಕೊಂಡರು. ಕೋಣೆಯೊಳಗೆ ಬಿಸಿಲು ಚೆನ್ನಾಗಿಯೇ ಬಿದ್ದಿತ್ತು.

ಹೀಗೆ ಹದಿಮೂರು ಚೀಟಿ. 1.00 ಬಂದಾಗಲೆಲ್ಲ ನಾದಿನಿ ನಕ್ಕಳು. 1.10 ಬಂದಾಗ, "ಇವರು ಊಟ ಬಿಟ್ಟು ಎದ್ದು ಫೋನಲ್ಲಿ ಜಗಳ ಆಡ್ತಿದ್ದ ಕಾಲದವರು. 'ಬಾಗಿಲು ರಿಪೇರಿ ಮಾಡಿ ಅಂದ್ರೆ ಬಣ್ಣ ಹೊಡೀತೀರಲ್ರೀ' ಅಂತ," ಎಂದಳು. ಕ್ಯಾಪ್ಟನ್ ಅಕ್ಕನ ಕಡೆ ನೋಡಿದರು. ಅಕ್ಕ ಬರೆದುಕೊಂಡಳು. ಮೂರು ಬೇರೆ ಬೇರೆ ಚೀಟಿಗಳಲ್ಲಿ ಚಕ್ರ ಏಳನೆಯ ಸಾಲಿನ ಹನ್ನೆರಡನೆಯ ಕುಣಿಕೆಗೆ ನೆಲ ಮುಟ್ಟಿತು. ಮೂರು ಸಲವೂ ನಾದಿನಿಯ ಮುಖ ಒಂದೇ ಥರ ಕಲ್ಲಾಯಿತು, ಮೂರು ಸಲವೂ ಅವಳು ಒಂದೇ ಮಾತು ಹೇಳಿದಳು: "ಕೊನೇ ತಿಂಗಳು."

ಮೂರೂ 1.14.

ಸರಿ, ಆ ಅಂಕಿ ಸಿಕ್ಕಿತು. ಇನ್ನು ಅದು ಏನು ಹೇಳುತ್ತದೆ ನೋಡಬೇಕು. ಕ್ಯಾಪ್ಟನ್ ಆಟೋಪೈಲಟ್ಟಿನ ಪಕ್ಕ ಮೊಣಕಾಲೂರಿ, 1.14ರಲ್ಲಿ, ಫ್ಲ್ಯಾಪ್ ಇಳಿಸದೆ, ಕೆರೆಯಿಂದ ಮತ್ತೆ ಬಿಟ್ಟರು. ವಿಮಾನ ರನ್‌ವೇಗೆ ಮುನ್ನೂರೈವತ್ತು ಮೀಟರ್ ಮೊದಲು ನೆಲಕ್ಕೆ ಬಂತು. ಅಲ್ಲಿ ಹೆದ್ದಾರಿ. ಭಾನುವಾರ ಬೆಳಿಗ್ಗೆಯೂ ಬಸ್ಸು ಲಾರಿ ಸಾಲುಗಟ್ಟಿ ಹೋಗುವ ಹೆದ್ದಾರಿ. ಎರಡನೆಯ ಸಲ, ಮೂರನೆಯ ಸಲ, ಅಲ್ಲೇ.

"ತಲುಪ್ತಿರ್ಲಿಲ್ಲ," ಎಂದರು ಕ್ಯಾಪ್ಟನ್. "ಫ್ಲ್ಯಾಪ್ ಇಳಿಸಿದ್ರೂ ತಲುಪ್ತಿರ್ಲಿಲ್ಲ, ಇಳಿಸದಿದ್ರೂ ತಲುಪ್ತಿರ್ಲಿಲ್ಲ. ಇಳಿಸದೇ ಇದ್ದಿದ್ರೆ ನೇರ ಬಸ್ಸಿನ ಮೇಲೆ. ಗೊತ್ತಿದ್ದೇ ಮುಂಚೆ ಇಳಿಸಿದಾನೆ."

"ಗೊತ್ತಿತ್ತು," ಎಂದಳು ನಾದಿನಿ. ಈಗ ಅವಳ ಕಣ್ಣು ತೆರೆದಿತ್ತು. ಅವಳು ಪರದೆಯ ಮೇಲೆ ಹೆದ್ದಾರಿಗಿಂತ ಈಚೆ ಇರುವ ಜಾಗವನ್ನು ನೋಡುತ್ತಿದ್ದಳು. "ಕೊನೇ ವಾರ ಅವರು ರನ್‌ವೇ ಕಡೆ ಹೋಗ್ತಾನೇ ಇರ್ಲಿಲ್ಲ. ಆಟೋಪೈಲಟ್ ತೆಗೆದು, ಅಲ್ಲಿ ಇಳಿಸ್ತಿದ್ರು. ಆ ಹಸಿರು ಮೈದಾನದಲ್ಲಿ. ದಿನಾ ಎರಡು ಮೂರು ಸಲ. ನಾನು, 'ಇದೇನ್ರೀ, ಹುಲ್ಲು ಮೇಯಿಸ್ತೀರಾ' ಅಂತ ತಮಾಷೆ ಮಾಡಿದ್ದೆ."

ಪರದೆಯ ಮೇಲೆ ಆ ಜಾಗ ನಿಜಕ್ಕೂ ಬರೀ ಹಸಿರು. ಕಂಪ್ಯೂಟರಿನವರು ಯಾವ ಕಾಲದ ನಕ್ಷೆ ಹಾಕಿದ್ದರೋ, ಅಲ್ಲಿ ಪೈಪಿನವರ ಅಂಗಳವೂ ಇರಲಿಲ್ಲ, ಬೇಲಿಯೂ ಇರಲಿಲ್ಲ.

"ಅಂಗಳ ಎರಡು ವರ್ಷದಿಂದ ಖಾಲಿ ಬಿದ್ದಿತ್ತು," ಎಂದರು ಕ್ಯಾಪ್ಟನ್, ನೆಲ ನೋಡುತ್ತ. "ಪೈಪು ಬಂದದ್ದು ಶನಿವಾರ ಸಂಜೆ. ವರದಿಯ ಆ ಒಂದು ಪುಟದಲ್ಲೇ ಅದೂ ಇದೆ."

ಸಿಮ್ಯುಲೇಟರಿನಲ್ಲಿ ಹೆದ್ದಾರಿಯ ಮೇಲೆ ನಿಂತ ವಿಮಾನವನ್ನು ಒಂದು ಕೆಂಪು ಬಸ್ಸು ಹಾದು ಹೋಯಿತು. ಒಂದನ್ನೊಂದು ಮುಟ್ಟದಂತೆ, ಒಂದರೊಳಗಿಂದ ಇನ್ನೊಂದು. ಅಲ್ಲಿ ಯಾವುದಕ್ಕೂ ಏನೂ ಆಗುವುದಿಲ್ಲ.

ಉತ್ತರ ಬರೆಯಲು ಅಕ್ಕ ಊಟದ ಮೇಜಿನ ಮುಂದೆ ಕೂತಾಗ ನಾಲ್ಕೂವರೆ. ಕ್ಯಾಪ್ಟನ್ ಅವಳ ಎದುರು ಕೂತು ಬಹಳ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದರು.

"ಒಂದು ಮಾತು ಹೇಳ್ಲಾ ಮೇಡಂ? 'ಫೈಲ್ ತೆರೆದಾಗ 1.14 ಇತ್ತು' ಅಂತ ಬರೀರಿ. ಸುಳ್ಳೇನೂ ಅಲ್ವಲ್ಲ. ಇತ್ತು. ನೀವು ನೋಡ್ಲಿಲ್ಲ ಅಷ್ಟೇ."

"ನೋಡದೇ ಇರೋದನ್ನ ನೋಡಿದೆ ಅಂತ ಬರೆಯೋದಕ್ಕೆ ಬೇರೆ ಹೆಸರಿದೆ."

"ಹಾಗಾದ್ರೆ ಏನಂತ ಬರೀತೀರಿ? ಅಂಕಿ ಮಫ್ಲರಿನಿಂದ ಸಿಕ್ಕಿತು ಅಂತಾನಾ? ನಗ್ತಾರೆ. ದೊಡ್ಡ ಮೇಜಿನ ಸುತ್ತ ಆರು ಜನ ಕೂತು ಹೊಟ್ಟೆ ಹಿಡ್ಕೊಂಡು ನಗ್ತಾರೆ. ಅವನ ಹೆಸರು ಉಳಿಸೋಕೆ ಇರೋದು ಇದೊಂದೇ ದಾರಿ. ಅದನ್ನ ನೀವೇ ನಿಮ್ಮ ಕೈಯಾರೆ…"

"ಅಳಿಸಿದ್ದೂ ನನ್ನ ಕೈಯೇ," ಎಂದಳು ಅಕ್ಕ.

ಅವಳು ಬರೆದದ್ದು ಇಲಾಖೆಯ ಪ್ರಮಾಣಪತ್ರದ ನಮೂನೆಯಲ್ಲಿ. ಬೇರೆ ನಮೂನೆ ಅವಳಿಗೆ ಗೊತ್ತಿರಲಿಲ್ಲ. ಮೂಲ ಅಳತೆ: ಲಭ್ಯವಿಲ್ಲ, ಪರೀಕ್ಷಕಿಯ ಅಜಾಗರೂಕತೆಯಿಂದ ಅಳಿಸಿದೆ. ಪರೀಕ್ಷಕಿ: ಮೃತರ ಅಕ್ಕ. ಬಳಸಿದ ಉಪಕರಣ: ಮೃತರ ಪತ್ನಿಯ ಹೆಣೆಯುವ ಕೈ. ಉಪಕರಣದ ವ್ಯತ್ಯಾಸ: ಸಾಲಿಗೆ ಒಂದು ಸೆಕೆಂಡು. ಓದಿಕೆಗಳು: ಹದಿಮೂರು, ವಿವರ ಲಗತ್ತಿಸಿದೆ. ಸಾಕ್ಷಿ: ನಿವೃತ್ತ ವಿಮಾನ ತರಬೇತುದಾರರು. ಕೊನೆಯಲ್ಲಿ ಎರಡು ಬೇಡಿಕೆ: ಸಾಮಾನಿನ ಡಬ್ಬಿಯ ಬಾಗಿಲಿನ ದುರಸ್ತಿ ಕೋರಿ ಮೃತರು ಕಂಪನಿಗೆ ಮಾಡಿದ ಫೋನು ಮತ್ತು ಪತ್ರಗಳನ್ನು ತರಿಸಿ ನೋಡಬೇಕು. ಅಲ್ಲಿಯವರೆಗೆ ಆ ಒಂದು ವಾಕ್ಯವನ್ನು ತಡೆಹಿಡಿಯಬೇಕು. ಇದನ್ನೆಲ್ಲ ಓದಿ ಆರು ಜನ ನಗಬಹುದು, ನಗದೆಯೂ ಇರಬಹುದು. ಮೊದಲ ಸಾಲಿನಲ್ಲೇ ತನ್ನ ತಪ್ಪು ಒಪ್ಪಿಕೊಂಡವರ ಎರಡನೆಯ ಸಾಲನ್ನು ಜನ ಓದುತ್ತಾರೆ ಎಂಬುದು ಅಕ್ಕನ ಇಪ್ಪತ್ತಾರು ವರ್ಷದ ಅನುಭವ. ಮೂರನೆಯ ಸಾಲಿನ ಭರವಸೆ ಅವಳಿಗೂ ಇರಲಿಲ್ಲ.

ಕ್ಯಾಪ್ಟನ್ ಓದಿದರು. "ಅಜಾಗರೂಕತೆ ಅನ್ನೋ ಪದ ಸ್ವಲ್ಪ ಜಾಸ್ತಿಯಾಯ್ತೇನೋ," ಎಂದರು. ಆದರೂ ಅದರ ಕೆಳಗೆ ಸಹಿ ಹಾಕಿದರು, ವಿಮಾನದ ಲಾಗ್‌ಬುಕ್ಕಿಗೆ ಹಾಕುವ ಉದ್ದ ಸಹಿ. ನಾದಿನಿಯೂ ಹಾಕಿದಳು. ಅವಳ ಸಹಿಯ ಪಕ್ಕ ಅಕ್ಕ 'ಉಪಕರಣ' ಎಂದು ಬರೆಯಲು ಹೋಗಿ, ತಡೆದು, 'ಪತ್ನಿ' ಎಂದು ಬರೆದಳು.

"ಇನ್ನೊಂದು ಕೆಲಸ ಇದೆ," ಎಂದಳು ಅಕ್ಕ, ಲಕೋಟೆ ಅಂಟಿಸುತ್ತ. "ಅವರು ಪರೀಕ್ಷೆಗೆ ಅಂತ ಬರಬಹುದು. 1.14ರಲ್ಲಿ ಇಟ್ಟು ಕೋಣೆಗೆ ಸೀಲು ಹಾಕ್ತೀನಿ. ವಿಚಾರಣೆ ಮುಗಿಯೋವರೆಗೂ ಯಾರೂ ಮುಟ್ಟೋ ಹಾಗಿಲ್ಲ. ನೀನೂ."

"ಎಷ್ಟು ದಿನ?"

"ಆರು ತಿಂಗಳು ಅಂತಾರೆ. ವರ್ಷಾನೂ ಆಗಬಹುದು."

ನಾದಿನಿ ತಲೆಯಾಡಿಸಿದಳು. ಎದ್ದು ಲೋಟಗಳನ್ನು ತೊಳೆಯಲು ಇಟ್ಟಳು. ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು.

"ಅತ್ತಿಗೆ, ಮುಚ್ಚೋ ಮುಂಚೆ ಒಂದೇ ಒಂದು ಸಲ," ಎಂದಳು, ನಲ್ಲಿಯ ಕಡೆಯೇ ಮುಖ ಮಾಡಿ. "ಮೊದಲಿನ ಹಾಗೆ."

ಅಕ್ಕ ಇಪ್ಪತ್ತಾರು ವರ್ಷದಲ್ಲಿ ಯಾವ ಮಾಲೀಕರ ಮಾತಿಗೂ ಮುಳ್ಳು ತಿರುಗಿಸಿದವಳಲ್ಲ. ಅವಳು ಹಿಂದಿನ ಕೋಣೆಗೆ ಹೋದಳು. ಫೈಲು ತೆರೆದು 1.00 ಎಂದು ಬರೆದಳು. ಈ ಸಲ ಮೊದಲಿದ್ದ ಅಂಕಿಯನ್ನು ನೋಟ್‌ಪುಸ್ತಕದಲ್ಲಿ ಗುರುತು ಹಾಕಿಕೊಂಡಳು.

ನಾದಿನಿ ಸೂಜಿ ತರಲಿಲ್ಲ. ಬಲಗಡೆಯ ಸೀಟಿನಲ್ಲಿ ಬರಿಗೈಯಲ್ಲಿ ಕೂತು ಬಟನ್ ಒತ್ತಿದಳು. ಕ್ಯಾಪ್ಟನ್ ಬಾಗಿಲ ಹೊರಗೇ ಉಳಿದರು. ಸಂಜೆಯ ಬಿಸಿಲು ಕಿಟಕಿಯಿಂದ ಓರೆಯಾಗಿ ಬಂದು ಪರದೆಯ ಅರ್ಧ ಆಕಾಶವನ್ನು ಅಳಿಸಿತ್ತು. ಕೆರೆ ಹಿಂದೆ ಸರಿಯಿತು. ಗಾಳಿ ಸಣ್ಣಗೆ ಸೀಟಿ ಹಾಕಿತು. ಹಸಿರು ಮೈದಾನ ಕೆಳಗೆ ಹಾದುಹೋಯಿತು, ಹೆದ್ದಾರಿಯೂ ಹಾದುಹೋಯಿತು. ರನ್‌ವೇಯ ಬಿಳಿ ಗೆರೆಗಳು ಒಂದೊಂದಾಗಿ ತೆರೆದುಕೊಂಡವು. ವಿಮಾನದ ಮೂಗು ಮೇಲೇಳುವ ಆ ಕೊನೆಯ ಗಳಿಗೆ ಬಂದಾಗ ಎಡಗಡೆಯ ಸ್ಟಿಯರಿಂಗು ತಾನಾಗಿಯೇ ಹಿಂದಕ್ಕೆ ಸರಿಯಿತು. ನಾದಿನಿ, ಮುಂದೆಯೇ ನೋಡುತ್ತ, ತನ್ನ ಎಡ ಮೊಣಕೈಯನ್ನು ಪಕ್ಕದವರಿಗೆ ತಾಗದ ಹಾಗೆ ಸ್ವಲ್ಪ ಒಳಗೆ ಎಳೆದುಕೊಂಡಳು.